ಒಬ್ಬ ಗ್ರಾಹಕರಲ್ಲಿ ಮಾತ್ರ ಸಿಎಸ್‌ವಿ ಓದುವಾಗ ಕ್ರ್ಯಾಶ್: ಮೊದಲು ಡೆಸಿಮಲ್ ಸಿಂಬಲ್ ನೋಡಿ
ಅದೇ ಡಾಟ್‌ನೆಟ್ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಪ್ರೋಗ್ರಾಂ, ಅದೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಡೇಟಾ) ಫೈಲ್; ಒಬ್ಬ ಗ್ರಾಹಕರಲ್ಲಿ ಮಾತ್ರ ಫಾರ್ಮ್ಯಾಟ್ ಎಕ್ಸೆಪ್ಶನ್ (ಸಂಖ್ಯೆಯ ರೂಪ ಅರ್ಥವಾಗದ ಎರರ್) ಬಂದರೆ ಬಹುತೇಕ ಅವರ ವಿಂಡೋಸ್ ರೀಜನ್ ಸೆಟ್ಟಿಂಗೇ ಕಾರಣ. ಕಂಟ್ರೋಲ್ ಪ್ಯಾನೆಲ್, ರೀಜನ್, ಅಡಿಷನಲ್ ಸೆಟ್ಟಿಂಗ್ಸ್ ತೆರೆಸಿ, ಡೆಸಿಮಲ್ ಸಿಂಬಲ್ (ದಶಮಾಂಶ ಚಿಹ್ನೆ) ಏನಿದೆ ಕೇಳಿ. ಚುಕ್ಕಿಯ ಬದಲು ಅಲ್ಪವಿರಾಮ ಇದ್ದರೆ ನಿಮ್ಮ ಕಂಪ್ಯೂಟರ್‌ನಲ್ಲೂ ಹಾಗೇ ಬದಲಿಸಿ, ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ. ಅದೇ ಎರರ್ ನಿಮಗೂ ಬರಬೇಕು.

ಒಂದು ಅಪಾಯ ಗಮನಿಸಿ: ಡಿಜಿಟ್ ಗ್ರೂಪಿಂಗ್ ಸಿಂಬಲ್ (ಸಾವಿರಗಳನ್ನು ಬೇರ್ಪಡಿಸುವ ಚಿಹ್ನೆ) ಚುಕ್ಕಿಯಾಗಿದ್ದರೆ ಎರರ್ ಬರುವುದೇ ಇಲ್ಲ, 12.50 ಸದ್ದಿಲ್ಲದೆ 1250 ಆಗಿ ಸೇವ್ ಆಗುತ್ತದೆ. ಹಳೆಯ ಡೇಟಾವನ್ನೂ ಪರಿಶೀಲಿಸಿ.

ಸೆಟ್ಟಿಂಗ್ ಬದಲಿಸಲು ಗ್ರಾಹಕರಿಗೆ ಹೇಳಬೇಡಿ, ಅವರ ಬೇರೆ ಪ್ರೋಗ್ರಾಂಗಳು ಅದನ್ನೇ ನಂಬಿರುತ್ತವೆ. ಕೋಡ್‌ನಲ್ಲಿ ಸಂಖ್ಯೆ ಓದುವಾಗಲೂ ಬರೆಯುವಾಗಲೂ ಇನ್ವೇರಿಯಂಟ್ ಕಲ್ಚರ್ (ಕಂಪ್ಯೂಟರ್‌ನ ರೀಜನ್ ಏನೇ ಇದ್ದರೂ ಬದಲಾಗದ ಸೆಟ್ಟಿಂಗ್) ಕೊಡಿ. ಗ್ರಾಹಕರ ಡೆಸಿಮಲ್ ಸಿಂಬಲ್ ಚುಕ್ಕಿಯೇ ಆಗಿದ್ದರೆ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಿಂದ ಡಾಟ್‌ನೆಟ್ ರನ್‌ಟೈಮ್ ಎಂಟ್ರಿ ತರಿಸಿ, ಅದರಲ್ಲಿರುವ ಸ್ಟ್ಯಾಕ್ ಟ್ರೇಸ್ (ಎರರ್ ಕೋಡ್‌ನಲ್ಲಿ ಎಲ್ಲಿ ಬಂತು ಎಂಬ ಪಟ್ಟಿ) ಇಲ್ಲಿ ಹಾಕಿ.