ಸಡಿಲವಾಗಿದ್ದ ಮೆಟ್ಟಿಲು ಯಾರ ಕರ್ಮ?

ಮೂಡಿಗೆರೆ ಕಡೆಯಿಂದ ಒಂದು ಪತ್ರ ಬಂದಿದೆ. ಐದು ಪುಟ. ಮೂರು ದಿನದಿಂದ ಅದು ನನ್ನ ಮೇಜಿನ ಮೇಲೇ ಇದೆ, ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸು ಬರಲಿಲ್ಲ. ಕಾಯುತ್ತಿರುವವರು ಬೇಸರ ಮಾಡಿಕೊಳ್ಳಬೇಡಿ.

ಬರೆದವರಿಗೆ 46 ವರ್ಷ. ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದವರು. ಫೆಬ್ರವರಿಯಲ್ಲಿ ಮೆಣಸು ಕುಯ್ಯುವಾಗ ಅವರ ತೋಟದ ಕೆಲಸದವರೊಬ್ಬರು ಸಿಲ್ವರ್ ಮರಕ್ಕೆ ಹಾಕಿದ್ದ ಏಣಿಯಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. ಹಾಸನದ ಆಸ್ಪತ್ರೆಯ ಮೊದಲ ಬಿಲ್ಲನ್ನು ಇವರ ಮನೆಯವರೇ ಕಟ್ಟಿದರು. ಅಲ್ಲಿಗೆ ಮುಗಿಯಿತು. 19 ವರ್ಷ ಇದೇ ತೋಟದಲ್ಲಿ ದುಡಿದ ಮನುಷ್ಯ ಈಗ ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಮಲಗಿದ್ದಾರೆ, ಹೆಂಡತಿ ಒಬ್ಬರೇ ಕೆಲಸಕ್ಕೆ ಬರುತ್ತಿದ್ದಾರೆ. ಅತ್ತೆ 'ಅವನು ಪಡೆದುಕೊಂಡು ಬಂದಿದ್ದು' ಅಂದರು. ಜೋಯಿಸರು ಸರ್ಪದೋಷ ಅಂದರು. ಬೆಂಗಳೂರಿನಿಂದ ನಾದಿನಿ ಫೋನ್ ಮಾಡಿ 'ಈಗ ದುಡ್ಡು ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಅವರ ಕರ್ಮ ಅಂತ ಬಿಟ್ಟುಬಿಡಿ' ಅಂದರು. ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಇವರ ಮಗ ಕೊಟ್ಟಿಗೆಹಾರದ ಹತ್ತಿರ ಬೈಕಿನಿಂದ ಬಿದ್ದು ಹೆಗಲು ಮುರಿದುಕೊಂಡ.

ಪ್ರಶ್ನೆ ಇದು: 'ಅವರ ಕರ್ಮವನ್ನು ಅವರು ಅನುಭವಿಸುವಾಗ ನಾನು ನಡುವೆ ಕೈ ಹಾಕಿದರೆ ಅದು ನಮ್ಮ ಮೇಲೆ ಬರುತ್ತಾ? ಅಥವಾ ಕೈ ಹಾಕದೆ ಇದ್ದಿದ್ದಕ್ಕೇ ನನ್ನ ಮಗ ಬಿದ್ದನಾ?'

ಇಷ್ಟೇ ಆಗಿದ್ದರೆ ನಾನೂ ನಾಲ್ಕು ಸಮಾಧಾನದ ಮಾತು ಬರೆದು ಮುಗಿಸುತ್ತಿದ್ದೆ. ಆದರೆ ಮೂರನೇ ಪುಟದ ಕೆಳಗೆ, ಜೋಯಿಸರು ಹೇಳಿದ ಶಾಂತಿಯ ಖರ್ಚಿಗೂ ಮಗನ ಎಕ್ಸ್‌ರೇಗೂ ನಡುವೆ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಬಗ್ಗೆ ಒಂದು ಸಾಲು ಇದೆ. 'ಆ ಏಣಿಯ ಒಂದು ಮೆಟ್ಟಿಲು ಸಡಿಲವಾಗಿದೆ ಅಂತ ರೈಟರ್ ಜನವರಿಯಲ್ಲೇ ಹೇಳಿದ್ದರು, ಕುಯ್ಲು ಮುಗಿಯಲಿ ಅಂತ ಸುಮ್ಮನಿದ್ದೆವು.'

ನೋಡಿ, ಐದು ಪುಟದಲ್ಲಿ ನನಗೆ ಬೇಕಾಗಿದ್ದು ಈ ಒಂದು ಸಾಲು. ಸುಮ್ಮನಿದ್ದರು ಅಂತ ನೀವು ಬರೆದಿಲ್ಲ. ಸುಮ್ಮನಿದ್ದೆವು ಅಂತ ಬರೆದಿದ್ದೀರಿ. ಅಂದರೆ ನಿಮಗೂ ಗೊತ್ತಿತ್ತು. ನಿಮ್ಮ ಕೈ ಪ್ರಾಮಾಣಿಕವಾಗಿ ಬರೆದುಬಿಟ್ಟಿದೆ, ಮನಸ್ಸು ಅದನ್ನು ಓದದೆ ಮುಂದಿನ ಸಾಲಿಗೆ ಹೋಗಿದೆ.

ಕರ್ಮ ಸುಳ್ಳು ಅಂತ ನಾನು ಹೇಳುವುದಿಲ್ಲ. ನಾನೂ ನಂಬುತ್ತೇನೆ. ಆದರೆ ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು, ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಕರ್ಮ ಅನ್ನುವ ಮಾತನ್ನು ನಮ್ಮ ಬಗ್ಗೆ ಆಡಿಕೊಳ್ಳಬಹುದು, ಇನ್ನೊಬ್ಬರ ನೋವಿನ ಬಗ್ಗೆ ಆಡಬಾರದು. ನನ್ನ ಅಮ್ಮನಿಗೆ ಚಿಕ್ಕಂದಿನಿಂದ ಒಂದು ಕಾಲು ಊನವಿತ್ತು. ಹೋದ ಜನ್ಮದಲ್ಲಿ ಯಾರನ್ನೋ ಒದ್ದಿರಬೇಕು ಅಂತ ಊರಿನವರು ಅವಳ ಮುಂದೆಯೇ ಹೇಳಿದ್ದರು. ಅವಳು ಅದನ್ನು ನಂಬಿದಳು. ಮನೆಯಲ್ಲಿ ಯಾರ ಹಾಸಿಗೆ ದಾಟಿದರೂ, ಯಾರ ತಟ್ಟೆಗೆ ಕಾಲು ತಗುಲಿದರೂ, ನಮಗೆಲ್ಲ ಒಂದು ನಮಸ್ಕಾರ ಸಾಕಾಗುತ್ತಿದ್ದಲ್ಲಿ ಅವಳು ಮೂರು ಸಲ ಕೈ ಮುಗಿಯುತ್ತಿದ್ದಳು. ಸಾಯುವವರೆಗೂ ಹಾಗೇ ಇದ್ದಳು. ಆ ಮಾತು ಆಡಿದವರು ಮಾತ್ರ ಆಡಿದ ದಿನವೇ ಮರೆತಿದ್ದರು.

ಹಿರಿಯರು ಕರ್ಮವನ್ನು ಮೂರು ಮಾಡಿ ಹೇಳುತ್ತಾರೆ. ಹಿಂದಿನಿಂದ ಕೂಡಿಟ್ಟುಕೊಂಡು ಬಂದದ್ದು ಸಂಚಿತ. ಅದರಲ್ಲಿ ಈ ಜನ್ಮದಲ್ಲಿ ಅನುಭವಿಸಲು ಬಂದದ್ದು ಪ್ರಾರಬ್ಧ. ಈಗ ಮಾಡುತ್ತಿರುವುದರಿಂದ ಮುಂದೆ ಬರುವುದು ಆಗಾಮಿ. ತೋಟದ ಮನೆಯವರಿಗೆ ಹೇಳುವುದಾದರೆ ಗೋಡೌನಿನಲ್ಲಿ ಪೇರಿಸಿಟ್ಟ ಚೀಲ, ಕಣದಲ್ಲಿ ಒಣಗುತ್ತಿರುವ ಹಣ್ಣು, ಈ ಮಳೆಗೆ ನೆಡುವ ಗಿಡ. ಆ ಗೋಡೌನಿನ ಬಾಗಿಲು ತೆಗೆದು ನೋಡಿದವರು ಯಾರೂ ಇಲ್ಲ, ನಿಮ್ಮ ಜೋಯಿಸರೂ ನೋಡಿಲ್ಲ. ನಿಮ್ಮ ಕೈಯಲ್ಲಿರುವುದು ಗಿಡ ನೆಡುವುದು ಮಾತ್ರ. ನಿಮ್ಮ ಮನೆಯಲ್ಲಿ ಎಲ್ಲರೂ ಆ ಬಡವರ ಗೋಡೌನಿನ ಲೆಕ್ಕ ಹಾಕುತ್ತಾ ಕೂತಿದ್ದೀರಿ. ನಿಮ್ಮ ಗುಂಡಿಗೆ ಯಾವ ಗಿಡ ಇಳಿಯುತ್ತಿದೆ ಅಂತ ಒಬ್ಬರೂ ನೋಡುತ್ತಿಲ್ಲ.

2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ, ಅಲ್ಲಿಂದ ಬಂದ ಮೇಲೆ ಕರ್ಮದ ಬಗ್ಗೆ ನಂಬಿಕೆ ಜಾಸ್ತಿಯಾಯಿತು ಅಂತ ಬರೆದಿದ್ದೀರಿ. ಹಾಗಾದರೆ ಅಲ್ಲಿಯ ಜೈನರು ಏನು ಹೇಳುತ್ತಾರೆ ಅನ್ನುವುದನ್ನೂ ಕೇಳಿ. ಅವರ ಪ್ರಕಾರ ಕರ್ಮ ಅನ್ನುವುದು ಧೂಳಿನ ಹಾಗೆ ಜೀವಕ್ಕೆ ಬಂದು ಅಂಟಿಕೊಳ್ಳುವ ವಸ್ತು. ಮನಸ್ಸಿನಿಂದ, ಮಾತಿನಿಂದ, ಮೈಯಿಂದ ಅದು ಅಂಟುತ್ತದೆ. ಸ್ವತಃ ಮಾಡಿದರೂ ಅಂಟುತ್ತದೆ, ಇನ್ನೊಬ್ಬರ ಕೈಲಿ ಮಾಡಿಸಿದರೂ ಅಂಟುತ್ತದೆ, ಬೇರೆಯವರು ಮಾಡುವುದನ್ನು ಒಪ್ಪಿಕೊಂಡರೂ ಅಂಟುತ್ತದೆ. ಕೃತ, ಕಾರಿತ, ಅನುಮೋದನ ಅನ್ನುತ್ತಾರೆ. ಜನವರಿಯಲ್ಲಿ ರೈಟರ್ ಹೇಳಿದಾಗ 'ಆಮೇಲೆ ನೋಡೋಣ' ಅಂದವರು ನಿಮ್ಮ ಯಜಮಾನರೇ ಇರಬಹುದು. ಆದರೆ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಿರಲ್ಲ, ಅದಕ್ಕೂ ಶಾಸ್ತ್ರದಲ್ಲಿ ಹೆಸರಿದೆ.

ಅತ್ತೆಯ ಮೇಲೆ ನನಗೆ ಅಷ್ಟು ಕೋಪವಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಾಗಲೂ 'ನಾನು ಪಡೆದುಕೊಂಡು ಬಂದಿದ್ದು' ಅಂತಲೇ ಹೇಳಿ ತೋಟ ನಡೆಸಿದರು ಅಂತ ನೀವೇ ಬರೆದಿದ್ದೀರಿ. ಅವರು ತಮಗೂ ಅದೇ ಅಳತೆ ಹಿಡಿಯುತ್ತಾರೆ. ಕೋಪ ಬರುವುದು ನಾದಿನಿಯ ಮೇಲೆ. ಎರಡು ವರ್ಷದಿಂದ ಕುಯ್ಲಿನ ಹೊತ್ತಿಗೆ ಊರಿಗೆ ಬಂದಿಲ್ಲ, ಮೆಣಸಿನ ದುಡ್ಡಿನಲ್ಲಿ ಪಾಲು ಮಾತ್ರ ತಪ್ಪದೆ ಹೋಗುತ್ತದೆ, ಬಿದ್ದವರ ಮುಖ ನೋಡಿಲ್ಲ. ಕರ್ಮದಲ್ಲಿ ಅವರಿಗೆ ನಂಬಿಕೆ ಇದೆ ಅಂತ ನನಗೆ ಅನಿಸುವುದಿಲ್ಲ. ಪರಿಹಾರ ಕೊಡದೆ ತಪ್ಪಿಸಿಕೊಳ್ಳಲು ಆ ಪದ ಸಿಕ್ಕಿದೆ, ಬಳಸಿದ್ದಾರೆ. ಅವರ ಫೋನ್ ಬಂದರೆ ಕಾಫಿ ರೇಟು, ಮಳೆ, ಮಕ್ಕಳ ಓದು ಮಾತಾಡಿ. ಈ ವಿಷಯ ಮಾತಾಡಬೇಡಿ.

ಇನ್ನೊಂದು ವಿಷಯ ನನ್ನನ್ನು ಕಾಡಿದೆ. ಆತನ ಹೆಂಡತಿ ಒಂದು ದಿನ ಕಣದಲ್ಲಿ ನಿಂತು 'ನಮ್ಮ ಹಣೆಬರ ಅಮ್ಮಾ, ನೀವೇನ್ ಮಾಡಕಾಯ್ತದೆ' ಅಂದರಂತೆ. ಆಗ ನಿಮ್ಮ ಮನಸ್ಸು ಹಗುರವಾಯಿತು ಅಂತ ಬರೆದಿದ್ದೀರಿ. ಆ ಮಾತು ನಿಮಗಾಗಿ ಆಡಿದ್ದಲ್ಲ. ದಿನಾ ಬೆಳಿಗ್ಗೆ ಗಂಡನನ್ನು ಎತ್ತಿ ಕೂರಿಸಿ, ತೊಳೆದು, ಉಣ್ಣಿಸಿ, ಎಂಟು ಗಂಟೆಗೆ ನಿಮ್ಮ ತೋಟಕ್ಕೆ ಬಂದು ನಿಲ್ಲಬೇಕಲ್ಲ, ಅದಕ್ಕೆ ಅವರಿಗೆ ಆ ಮಾತು ಬೇಕು. ಅದು ಅವರ ಊರುಗೋಲು. ಅದನ್ನು ನೀವು ಕಿತ್ತುಕೊಂಡು ಊರಬಾರದು. ಮತ್ತೆ ಯೋಚಿಸಿ, ಇರುವ ಲೈನ್ ಮನೆ ನಿಮ್ಮದು, ಬಟವಾಡೆ ಕೊಡುವವರು ನೀವು. ಬೇರೆ ಏನು ಹೇಳಲು ಅವರಿಗೆ ಸಾಧ್ಯವಿತ್ತು?

ಮಗನ ವಿಷಯ ಬಿಟ್ಟುಬಿಡಿ. ಅವನು ಬಿದ್ದದ್ದು ತಿರುವಿನಲ್ಲಿ, ಮೊದಲ ಮಳೆಗೆ ಜಾರುತ್ತಿದ್ದ ರಸ್ತೆಯಲ್ಲಿ. ನಿಮ್ಮ ಅಳುಕನ್ನು ಆ ಹುಡುಗನ ಹೆಗಲಿಗೆ ಹೊರಿಸಬೇಡಿ.

ಸರ್ಪಸಂಸ್ಕಾರ ಮಾಡಿಸಬೇಕು ಅನ್ನಿಸಿದರೆ ಸುಬ್ರಹ್ಮಣ್ಯಕ್ಕೆ ಹೋಗಿ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಆಮೇಲೆ. ಕೆಲಸ ಮಾಡುವಾಗ ಪೆಟ್ಟಾದವರಿಗೆ ಮಾಲೀಕರು ಪರಿಹಾರ ಕೊಡಬೇಕು ಅನ್ನುವ ಕಾಯಿದೆ ಈ ದೇಶದಲ್ಲಿ 1923ರಲ್ಲೇ ಬಂದಿದೆ. ಮಾಲೀಕರದೇ ತಪ್ಪು ಅಂತ ಸಾಬೀತು ಮಾಡುವ ಹೊರೆಯೂ ಬಿದ್ದವರ ಮೇಲೆ ಇಲ್ಲ. ವಯಸ್ಸು, ಕೂಲಿ, ಎಷ್ಟು ಊನವಾಗಿದೆ ಅನ್ನುವ ಡಾಕ್ಟರ ಸರ್ಟಿಫಿಕೇಟು, ಇಷ್ಟನ್ನು ನೋಡಿ ಲೆಕ್ಕ ಹಾಕುತ್ತಾರೆ. ಕಾರ್ಮಿಕ ಇಲಾಖೆಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಹಾಗಾಗಿ ಅದನ್ನು ಸಹಾಯ ಅಂತ ಕರೆಯಬೇಡಿ, ದಾನ ಅಂತಲೂ ಅನ್ನಬೇಡಿ. ಅದು ಬಾಕಿ. ಆತನ ಕೂಲಿಯ ಹಾಗೆಯೇ ನಿಮ್ಮ ಪುಸ್ತಕದಲ್ಲಿ ಬರೆಯಬೇಕಾದ ಬಾಕಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ, ನಾನು ಹೇಳುವುದು ಇದೊಂದೇ. ಈ ವಾರ ಬಟವಾಡೆ ಆದ ಮೇಲೆ ನೀವೇ ಲೈನ್ ಮನೆಗೆ ಹೋಗಿ. ಆಕೆಯನ್ನು ಬಂಗಲೆಗೆ ಕರೆಸಬೇಡಿ. ರೈಟರ್ ಕೈಲಿ ಹೇಳಿ ಕಳಿಸಬೇಡಿ. ಹಣ್ಣು, ಬಿಸ್ಕತ್ತು ಏನೂ ಒಯ್ಯಬೇಡಿ. ಒಳಗೆ ಹೋಗಿ ಆತನ ಪಕ್ಕ ಕೂತು, ಇಬ್ಬರಿಗೂ ಕೇಳುವ ಹಾಗೆ ಹೇಳಿ: 'ಏಣಿ ಹಾಳಾಗಿತ್ತು. ನಮಗೆ ಗೊತ್ತಿತ್ತು.' ಮೈ ನಡುಗುತ್ತದೆ, ಗೊತ್ತು. ಯಜಮಾನರು ಬಂದರೆ ಒಳ್ಳೆಯದು, ಬರದಿದ್ದರೆ ಒಬ್ಬರೇ ಹೋಗಿ. ದುಡ್ಡಿನ ಮಾತು ಅದಾದ ಮೇಲೆ ತಾನಾಗಿ ಬರುತ್ತದೆ.

ಆ ಏಣಿ ಈಗ ಎಲ್ಲಿದೆ ಅಂತ ನೀವು ಬರೆದಿಲ್ಲ. ಏಣಿ ಹಾಕಿ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ ಶುರುವಾಗುವ ಹೊತ್ತು ಇದು. ಪತ್ರಿಕೆ ಮಡಚಿಟ್ಟು, ಎದ್ದು ಶೆಡ್ಡಿಗೆ ಹೋಗಿ ನೋಡಿ ಬನ್ನಿ.