ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನ ಕಕ್ಕಬ್ಬೆಯಲ್ಲಿ ಉಳಿದರೆ ನೋಡೋಕೆ ಏನಿದೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮ, ಹೆಂಡತಿ, ಮಗಳ ಜೊತೆ ಕಕ್ಕಬ್ಬೆ ಹತ್ತಿರದ ಹೋಮ್‌ಸ್ಟೇಯಲ್ಲಿ ಮೂರು ದಿನ ಇರುತ್ತೇವೆ. ರಾಜಾಸೀಟ್, ಅಬ್ಬಿ ಫಾಲ್ಸ್ ಮೊದಲೇ ನೋಡಿ ಆಗಿದೆ. ಊರಿನ ಸುತ್ತ ಹಳೇ ಕಾಲದ್ದು ಏನಾದರೂ ಇದೆಯಾ? ಅಥವಾ ದಿನಾ ಮಡಿಕೇರಿಗೆ ಓಡಬೇಕಾ?

ಉತ್ತರ: ಓಡಬೇಡಿ. ಮೂರು ದಿನವೂ ಕಕ್ಕಬ್ಬೆ, ನಾಪೋಕ್ಲು, ಭಾಗಮಂಡಲದ ಮಧ್ಯೆಯೇ ಕಳೆದರೂ ನೋಡುವುದು ಇನ್ನೂ ಉಳಿದಿರುತ್ತದೆ.

ಮೊದಲು ನಾಲ್ಕುನಾಡು ಅರಮನೆ. ಬಸ್ಸಿನಲ್ಲಿ ಬರುವವರು ಕೈಕಂಬದಲ್ಲಿ ಇಳಿದು ಏರು ದಾರಿಯಲ್ಲಿ ನಡೆಯಬೇಕು. ನಿಮ್ಮದು ಕಾರು, ತೊಂದರೆಯಿಲ್ಲ. ಅರಮನೆ ಅಂದ ಕೂಡಲೇ ಮೈಸೂರನ್ನು ನೆನೆಸಿಕೊಂಡು ಬರುವವರು ಗೇಟಿನಲ್ಲೇ 'ಇಷ್ಟೇನಾ?' ಅಂತಾರೆ. ಹೌದು, ಇಷ್ಟೇ. ಎರಡು ಅಂತಸ್ತಿನ, ಮರದ ಕಂಬಗಳ, ಹೆಂಚಿನ ಮನೆ. ಆದರೆ ಅದನ್ನು ಯಾರು, ಯಾವಾಗ ಕಟ್ಟಿದರು ಅಂತ ಗೊತ್ತಾದರೆ ನೋಡುವ ರೀತಿಯೇ ಬದಲಾಗುತ್ತದೆ. ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ. 1788ರಲ್ಲಿ ತಪ್ಪಿಸಿಕೊಂಡು ಬಂದ, ವರ್ಷಗಟ್ಟಲೆ ಕಾದಾಡಿ ಕೊಡಗನ್ನು ಮರಳಿ ಪಡೆದ. ಆಮೇಲೆ 1792ರಿಂದ 1794ರ ನಡುವೆ ಈ ಬೆಟ್ಟದ ಬುಡದಲ್ಲಿ, ಸುಲಭಕ್ಕೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇದನ್ನು ಕಟ್ಟಿಸಿದ. ಮೆರೆಯೋಕೆ ಕಟ್ಟಿದ್ದಲ್ಲ, ಹೊತ್ತು ಬಂದರೆ ಅಡಗೋಕೆ ಕಟ್ಟಿದ್ದು. ಒಳಗಿನ ಕತ್ತಲೆ ಕೋಣೆಗಳನ್ನು ಅದೇ ಕಣ್ಣಿನಿಂದ ನೋಡಿ. ತಲೆ ಎತ್ತಿದರೆ ಮಾಸಿದ ಬಣ್ಣದ ಚಿತ್ರಗಳೂ ಕಾಣುತ್ತವೆ, ಮೊಬೈಲ್ ಟಾರ್ಚ್ ಇರಲಿ. ಎದುರಿಗಿರುವ ಚಿಕ್ಕ ಮಂಟಪವನ್ನು ಬಿಡಬೇಡಿ. 1796ರಲ್ಲಿ ಮಹಾದೇವಮ್ಮಾಜಿಯ ಜೊತೆ ರಾಜನ ಮದುವೆ ನಡೆದದ್ದು ಅಲ್ಲಿ ಅನ್ನುತ್ತಾರೆ. ಕೊನೆಯ ರಾಜ ಚಿಕ್ಕವೀರರಾಜೇಂದ್ರನೂ 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಓಡಿ ಬಂದದ್ದು ಈ ಮನೆಗೇ. ಇಲ್ಲಿಂದ ಇಳಿದು ಮಡಿಕೇರಿಗೆ ಹೋಗಿ ಶರಣಾದವನು ಕಾಶಿ ಸೇರಿದ, ಅಲ್ಲಿಂದ ಲಂಡನ್‌ಗೆ ಹೋಗಿ 1859ರಲ್ಲಿ ಅಲ್ಲೇ ತೀರಿಕೊಂಡ. ನೋಡಿಕೊಳ್ಳುವವರು ಬಾಗಿಲು ತೆಗೆದು ತೋರಿಸುತ್ತಾರೆ, ಅವಸರ ಮಾಡದೆ ಅವರ ಮಾತು ಕೇಳಿ. ಗೋಡೆ ಮೇಲೆ ಹೆಸರು ಕೆತ್ತಿ ಹೋದವರ ಬಗ್ಗೆ ಅವರಿಗೆ ಇರುವ ಸಿಟ್ಟೂ ಕೇಳಿಸುತ್ತದೆ, ನ್ಯಾಯವೇ.

ತಡಿಯಂಡಮೋಳ್ ಹತ್ತುವ ದಾರಿಯೂ ಅರಮನೆಯ ಪಕ್ಕದಿಂದಲೇ. 1748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಅಪ್ಪ ಅಮ್ಮನಿಗೆ ಬೇಡ, ಕೊನೆಯ ಏರು ಮಂಡಿ ಮುರಿಯುತ್ತದೆ. ನೀವು ಹೋಗುವುದಾದರೆ ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ. ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಿರಿ.

ಹಿರಿಯರಿಗೆ ಪಾಡಿ ಇಗ್ಗುತ್ತಪ್ಪನ ದೇವಸ್ಥಾನ ಇಷ್ಟವಾಗುತ್ತದೆ. ಮಳೆಗೂ ಬೆಳೆಗೂ ಕೊಡವರು ನಂಬುವ ದೇವರು ಇವನು. ಈಗಿನ ಗುಡಿ 1810ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಹುತ್ತರಿಯಲ್ಲಿ ಕದಿರು ಕೊಯ್ಯುವ ಮುಹೂರ್ತ ನಿಗದಿಯಾಗುವುದು ಇಲ್ಲಿಯೇ. ಹುತ್ತರಿ ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುತ್ತದೆ, ನಿಮ್ಮ ತಾರೀಖು ಹತ್ತಿರವಿದ್ದರೆ ಹೋಮ್‌ಸ್ಟೇಯವರನ್ನು ಕೇಳಿ. ಆ ರಾತ್ರಿ ಗದ್ದೆಯಲ್ಲಿ 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾ ಕದಿರು ತೆಗೆಯುವುದನ್ನು ನೋಡಲು ಕರೆದರೆ ಬೇರೆ ಪ್ಲ್ಯಾನ್ ಎಲ್ಲಾ ಬಿಟ್ಟು ಹೋಗಿ.

ಮೂರನೇ ದಿನ ಭಾಗಮಂಡಲ. ಕಾವೇರಿ, ಕನ್ನಿಕೆ ಸೇರುವ ಜಾಗ, ಕಣ್ಣಿಗೆ ಕಾಣದ ಸುಜ್ಯೋತಿಯನ್ನೂ ಸೇರಿಸಿ ತ್ರಿವೇಣಿ ಅಂತಾರೆ. ಭಗಂಡೇಶ್ವರ ಗುಡಿಯ ಇಳಿಜಾರು ಮಾಡು, ಮರದ ಕೆತ್ತನೆ ಎಲ್ಲ ಕೇರಳದ ಕಡೆಯ ಶೈಲಿ. ಈ ಜಾಗ ಟಿಪ್ಪುವಿನ ಕೈಗೆ ಹೋಗಿ, 1790ರಲ್ಲಿ ದೊಡ್ಡವೀರರಾಜೇಂದ್ರ ಮತ್ತೆ ವಶ ಮಾಡಿಕೊಂಡ. ತಲಕಾವೇರಿ ಅಲ್ಲಿಂದ 8 ಕಿಲೋಮೀಟರ್. ತುಲಾ ಸಂಕ್ರಮಣದ ಜನಜಂಗುಳಿ ಅಕ್ಟೋಬರ್‌ನಲ್ಲೇ ಮುಗಿದಿರುತ್ತದೆ, ಡಿಸೆಂಬರ್ ಒಳ್ಳೆಯದೇ.

ಪ್ರಶ್ನೆ: ನಾವು ಮೈಸೂರಿನ ಕಾಲೇಜು ಹುಡುಗರು. ಚೇಲಾವರ ಫಾಲ್ಸ್‌ನಲ್ಲಿ ಈಜಬಹುದಾ?

ಉತ್ತರ: ಬೇಡ. ಚೆಯ್ಯಂಡಾಣೆ ಹತ್ತಿರದ ಈ ಜಲಪಾತ ನೋಡಲು ಎಷ್ಟು ಚಂದವೋ ಕೆಳಗಿನ ಗುಂಡಿ ಅಷ್ಟೇ ಕೆಟ್ಟದ್ದು. ಆಳ ಗೊತ್ತಾಗುವುದಿಲ್ಲ, ಬಂಡೆ ಜಾರುತ್ತದೆ, ಈಜು ಬರುವ ಹುಡುಗರೇ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ದೂರ ನಿಂತು ನೋಡಿ, ಫೋಟೋ ತೆಗೆದುಕೊಳ್ಳಿ, ಬನ್ನಿ. ಬಾಟಲಿ ಒಡೆದು ಹೋಗಬೇಡಿ ಅಂತ ಬೇರೆ ಹೇಳಬೇಕಾ?

ಪ್ರಶ್ನೆ: ಐನ್‌ಮನೆ ನೋಡಬೇಕು ಅಂತ ಬಹಳ ಆಸೆ. ಟಿಕೆಟ್ ಎಲ್ಲಿ ಸಿಗುತ್ತದೆ? (ಹುಬ್ಬಳ್ಳಿ ಓದುಗರು)

ಉತ್ತರ: ಟಿಕೆಟ್ ಇಲ್ಲ ಅಕ್ಕಾ, ಅದು ಮನೆ. ಒಂದು ಒಕ್ಕದ ಅಂದರೆ ಒಂದೇ ಮನೆತನದವರ ಮೂಲಮನೆ. ಕೆಲವದರಲ್ಲಿ ಈಗಲೂ ಜನ ಇದ್ದಾರೆ, ಕೆಲವು ಹಬ್ಬಕ್ಕೆ ಮಾತ್ರ ತೆರೆಯುತ್ತವೆ. ನೀವು ಉಳಿದ ಮನೆಯವರಿಗೇ ಹೇಳಿ. ಅವರದೋ, ನೆಂಟರದೋ ಒಂದು ಐನ್‌ಮನೆ ಹತ್ತಿರದಲ್ಲೇ ಇರುವ ಸಾಧ್ಯತೆ ಜಾಸ್ತಿ, ಫೋನ್ ಮಾಡಿ ಕೇಳುತ್ತಾರೆ. ಸುಮ್ನೆ ಗೇಟು ತೆಗೆದು ಒಳಗೆ ನುಗ್ಗಿದರೆ ನಾಯಿ ಮೊದಲು ಮಾತಾಡಿಸುತ್ತದೆ.

ಒಳಗೆ ಕರೆದರೆ ಚಪ್ಪಲಿ ಹೊರಗೆ ಬಿಡಿ. ಜಗಲಿಗೆ ಕೈಯಾಲೆ ಅನ್ನುತ್ತಾರೆ. ಅಲ್ಲಿ ಕಂಬದಿಂದ ಕಂಬಕ್ಕೆ ಹಾಕಿದ ಅಗಲವಾದ ಮರದ ಹಲಗೆ ಇರುತ್ತದೆ, ಅದು ಐಮರ, ಮನೆಯ ಹಿರಿಯರು ಕೂರುವ ಜಾಗ. ಕೂರಿ ಅನ್ನುವವರೆಗೆ ಕಾಯಿರಿ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ತೂಗಿರುತ್ತದೆ, ಫೋಟೋ ತೆಗೆಯುವ ಮುಂಚೆ ಕೇಳಿ. ಹೊರಗೆ ಕೈಮಡ ಇದ್ದರೆ ಅದು ಕಾರಣವರ, ಅಂದರೆ ಮನೆತನದ ಹಿರಿಯರ ಗುಡಿ.

ಹಾಗೇ ದೇವರಕಾಡಿನ ಬಗ್ಗೆಯೂ ಒಂದು ಮಾತು. ಕೊಡಗಿನಲ್ಲಿ 1214 ದೇವರಕಾಡುಗಳ ಲೆಕ್ಕ ಇದೆ. ಅಯ್ಯಪ್ಪನ ಕಾಡುಗಳಲ್ಲಿ ಮರದ ಬುಡದಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರುತ್ತವೆ. ಕೆಲವಕ್ಕೆ ಕಿವಿ ಹೋಗಿದೆ, ಕೆಲವಕ್ಕೆ ಪಾಚಿ ಬೆಳೆದಿದೆ. ಒಂದನ್ನೂ ಎತ್ತಿಕೊಂಡು ಬರಬೇಡಿ, ಶೋಕೇಸಿಗಲ್ಲ ಅದು.

ಪ್ರಶ್ನೆ: ಮಡಿಕೇರಿಯಲ್ಲಿ ಅರ್ಧ ದಿನ ಮಾತ್ರ ಸಿಗುತ್ತದೆ. ಇತಿಹಾಸ ಇಷ್ಟ. ಎಲ್ಲಿಗೆ ಹೋಗಲಿ?

ಉತ್ತರ: ಗದ್ದಿಗೆಗೆ. ಪೇಟೆಯ ಗಲಾಟೆಯಿಂದ ತುಸು ದೂರ, ಮಹದೇವಪೇಟೆ ಕಡೆ. ಹೊರಗಿನಿಂದ ನೋಡಿದರೆ ಗುಮ್ಮಟ, ಮಿನಾರು, ದರ್ಗಾ ಅನ್ನಿಸುತ್ತದೆ. ಹತ್ತಿರ ಹೋದರೆ ಮೂಲೆಗಳಲ್ಲಿ ಬಸವ ಕೂತಿದ್ದಾನೆ, ಒಳಗೆ ಲಿಂಗ ಇದೆ. ಲಿಂಗಾಯತ ರಾಜರ ಸಮಾಧಿ. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ಮಹಾದೇವಮ್ಮಾಜಿಯದು, ನಾಲ್ಕುನಾಡಿನಲ್ಲಿ ಮದುವೆಯಾದ ಅದೇ ಜೋಡಿ. ಆಮೇಲೆ ಕೋಟೆ. ಅಂಗಳದ ಎರಡು ಗಾರೆಯ ಆನೆಗಳ ಪಕ್ಕ ಎಲ್ಲರೂ ಸೆಲ್ಫಿ ತೆಗೆದು ವಾಪಸ್ ಹೋಗುತ್ತಾರೆ, 1855ರ ಚರ್ಚ್ ಕಟ್ಟಡದಲ್ಲಿರುವ ಮ್ಯೂಸಿಯಂಗೆ ಹೋಗುವುದಿಲ್ಲ. ನೀವು ಹೋಗಿ. ಸಮಯ ಉಳಿದರೆ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್, 2021ರಿಂದ ಅದೂ ಮ್ಯೂಸಿಯಂ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ಕಕ್ಕಬ್ಬೆ, ವಿರಾಜಪೇಟೆ. ನಮ್ಮ ಸೋಮವಾರಪೇಟೆ ಕೊಡಗಲ್ವಾ?

ಉತ್ತರ: ಬೈಯುವುದು ಸರಿಯೇ. ಶನಿವಾರಸಂತೆ ಹತ್ತಿರದ ಮುಳ್ಳೂರಿನ ಬಸದಿಗಳ ಬಗ್ಗೆ ಕೊಡಗಿನವರಿಗೇ ಗೊತ್ತಿರುವುದು ಕಮ್ಮಿ. ಕಾಫಿ ಜಿಲ್ಲೆ ಅಂತ ಹೆಸರಾಗುವ ಎಷ್ಟೋ ಶತಮಾನ ಮೊದಲು ಇಲ್ಲಿ ಕೊಂಗಾಳ್ವರು ಆಳುತ್ತಿದ್ದರು. ರಾಜೇಂದ್ರ ಕೊಂಗಾಳ್ವ ತನ್ನ ತಂದೆ ಕಟ್ಟಿಸಿದ ಬಸದಿಗೆ 1058ರಲ್ಲಿ ದತ್ತಿ ಬಿಟ್ಟ ಶಾಸನ ಅಲ್ಲಿದೆ. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಅಂತ ಮೂರು ಗುಡಿ, ಒಂದೇ ಅಂಗಳ. ಬಹಳ ಸಲ ನೀವೊಬ್ಬರೇ ಇರುತ್ತೀರಿ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದಲ್ಲಿ ಬಾಗಿನ ಬಿಡುವುದು ನಿಮಗೆ ಗೊತ್ತೇ ಇದೆ. ಪಕ್ಕದ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮುಚ್ಚಿದ ಬೃಹತ್ ಶಿಲಾಯುಗದ ಗೋರಿಗಳಿವೆ, ಊರವರು ಪಾಂಡವರ ಮನೆ ಅನ್ನುತ್ತಾರೆ. ಅದರ ದಾರಿ, ಈಗಿನ ಸ್ಥಿತಿ ಬಗ್ಗೆ ನೀವೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಪ್ರಶ್ನೆ: ಇದನ್ನೆಲ್ಲಾ ಜುಲೈನಲ್ಲಿ ನೋಡಬಹುದಾ?

ಉತ್ತರ: ಅರಮನೆ, ಗುಡಿ ನೋಡಬಹುದು, ಬೆಟ್ಟ ಬೇಡ. ಭಾಗಮಂಡಲದಲ್ಲಿ ಹೊಳೆ ಉಕ್ಕಿ ರಸ್ತೆ ಮೇಲೆ ನೀರು ಬರುವುದು ಹೊಸದೇನಲ್ಲ, ಮಂಜಿನಲ್ಲಿ ಎದುರಿನ ಲಾರಿಯೂ ಕಾಣುವುದಿಲ್ಲ. ಆದರೂ ಬರುವುದಾದರೆ ಕತ್ತಲಾಗುವ ಮೊದಲು ಊರು ಸೇರಿ. ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಆಗಸ್ಟ್ 3ರವರೆಗೆ ಉಳಿಯುವುದಾದರೆ ಮದ್ದುಸೊಪ್ಪಿನ ಪಾಯಸ ಕೊಡುತ್ತಾರೆ, ಕಡುನೇರಳೆ ಬಣ್ಣ. ಮರುದಿನ ಮೂತ್ರದ ಬಣ್ಣ ನೋಡಿ ಡಾಕ್ಟರ ಹತ್ತಿರ ಓಡಬೇಡಿ, ಎಲ್ಲರಿಗೂ ಹಾಗೇ ಆಗುತ್ತದೆ.