ಆ ‘ಹೋಪ್’ ಆಸೆಯಲ್ಲ

ನಮ್ಮ ಶ್ರೀರಂಗಪಟ್ಟಣದ ಲೇಖನದಲ್ಲಿ ‘ಫಾರ್ಲಾರ್ನ್ ಹೋಪ್’ ಅನ್ನು ‘ಮೊದಲು ನುಗ್ಗುವ ತುಕಡಿ’ ಎಂದು ಕನ್ನಡಿಸಿದ್ದು ತಪ್ಪು, ನಿಘಂಟಿನಲ್ಲಿ ‘ಕೈಗೂಡದ ಆಸೆ’ ಎಂದಿದೆ ಎಂದು ಶಿವಮೊಗ್ಗದ ಅಧ್ಯಾಪಕರೊಬ್ಬರು ಬರೆದಿದ್ದಾರೆ.

ಮೇಷ್ಟ್ರೇ, ನಿಘಂಟು ಸುಳ್ಳು ಹೇಳಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ಅದೇ ಅರ್ಥ. ಆದರೆ 1799ರ ಯುದ್ಧದ ವರದಿಯನ್ನು ಆ ಅರ್ಥ ಹಿಡಿದು ಓದಿದರೆ ಸತ್ತ ಸಿಪಾಯಿಗಳೇ ಪುಟದಿಂದ ಮಾಯವಾಗುತ್ತಾರೆ.

ನುಡಿಗಟ್ಟಿನ ಮೂಲ ಡಚ್ಚರ ‘ಫೆರ್ಲೋರೆನ್ ಹೋಪ್’. ಅಲ್ಲಿ ‘ಹೋಪ್’ ಎಂದರೆ ಗುಂಪು; ಇಡೀ ಮಾತಿಗೆ ‘ಕಳೆದುಕೊಂಡ ಗುಂಪು’ ಎಂದರ್ಥ. ಹದಿನಾರನೇ ಶತಮಾನದ ಇಂಗ್ಲಿಷರು ಅದನ್ನು ಕಿವಿಗೆ ಬಿದ್ದಂತೆ ಎತ್ತಿಕೊಂಡರು. ಆಸೆಯ ಅರ್ಥ ಹುಟ್ಟಿದ್ದು ಹಾಗೆ ಕೇಳಿಸಿಕೊಂಡದ್ದರಿಂದಲೇ. ಫ್ರೆಂಚರು ಇಂಥ ಸಿಪಾಯಿಗಳನ್ನು ‘ಕಳೆದುಹೋದ ಮಕ್ಕಳು’ ಎಂದು ಕರೆಯುತ್ತಿದ್ದರು.

ಫಿರಂಗಿಗಳು ಕೋಟೆಗೋಡೆಗೆ ಕಂಡಿ ಬೀಳಿಸಿದ ಮೇಲೆ ಮೊದಲು ಹತ್ತುವವರು ಇವರು, ಹೆಚ್ಚಾಗಿ ತಾವಾಗಿಯೇ ಹೆಸರು ಕೊಟ್ಟವರು. ಒಳಗಿನವರ ಮೊದಲ ಗುಂಡುಗಳು ಇವರಿಗೆ. ಅವರು ಮತ್ತೆ ಮದ್ದು ತುಂಬುವಷ್ಟರಲ್ಲಿ ಹಿಂದಿನ ದೊಡ್ಡ ಪಡೆ ಕಂಡಿ ದಾಟಬೇಕು. ಬದುಕುಳಿದ ಅಧಿಕಾರಿಗೆ ಬಡ್ತಿಯ ನಿರೀಕ್ಷೆ ಇರುತ್ತಿದ್ದರಿಂದ ಮುಂದೆ ಬರುವವರಿಗೆ ಕೊರತೆಯಿರಲಿಲ್ಲ. ಎಲ್ಲ ಕಡೆಯೂ ಇದು ಫಲಿಸಲಿಲ್ಲ. 1812ರಲ್ಲಿ ಸ್ಪೇನಿನ ಬಡಹೋಸ್‌ನಲ್ಲಿ ಕೋಟೆಯೊಳಗಿದ್ದ ಫ್ರೆಂಚರು ಕಂಡಿಯ ಬಾಯಿಗೆ ಕತ್ತಿಯಲಗು ನಾಟಿದ ತೊಲೆಗಳನ್ನು ಅಡ್ಡಹಾಕಿದ್ದರು. ಅಲ್ಲಿ ನುಗ್ಗಿದವರು ದಾಟಲಾಗದೆ ಸತ್ತರು. ಊರು ಬಿದ್ದದ್ದು ಬೇರೆಡೆ ಏಣಿ ಹಾಕಿ ಹತ್ತಿದವರಿಂದ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ತುಂಬುವುದರೊಳಗೆ ಕೆಲಸ ಮುಗಿಯಬೇಕಿತ್ತು. ಮೇ 4ರ ಮಧ್ಯಾಹ್ನ, ಹಿಂದೆ ಅದೇ ಊರಿನಲ್ಲಿ ಸೆರೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಪಡೆಯ ಎರಡು ಸಾಲುಗಳನ್ನು ಹೊಳೆಗಿಳಿಸಿದ. ಪ್ರತಿ ಸಾಲಿನ ಮುಂದೆ ಒಬ್ಬ ಸಾರ್ಜೆಂಟ್, ಹನ್ನೆರಡು ಸಿಪಾಯಿಗಳು. ಅವರೇ ‘ಫಾರ್ಲಾರ್ನ್ ಹೋಪ್’. ಕಂಡಿಯ ಮೇಲೆ ಬಾವುಟ ನೆಟ್ಟ ಸಾರ್ಜೆಂಟ್ ಗ್ರಹಾಂ ಅಲ್ಲೇ ಗುಂಡೇಟಿಗೆ ಬಿದ್ದ. ಇದನ್ನು ‘ಕೈಗೂಡದ ಆಸೆ’ ಎಂದು ಹೇಗೆ ಬರೆಯೋಣ, ನೀವೇ ಹೇಳಿ.

ಎಲ್ಲಿ ಯಾವ ಅರ್ಥ ಎಂದು ಗುರುತು ಹಿಡಿಯುವುದು ಕಷ್ಟವಲ್ಲ. ನುಡಿಗಟ್ಟಿನ ಹಿಂದೆ ‘ಲೆಡ್’ (ಮುನ್ನಡೆಸಿದ) ಅಥವಾ ‘ವಾಲಂಟಿಯರ್ಡ್ ಫಾರ್’ (ತಾನಾಗಿ ಹೆಸರು ಕೊಟ್ಟ) ಇದ್ದರೆ ಅದು ಪಡೆ. ‘ಇನ್ ದ ಫಾರ್ಲಾರ್ನ್ ಹೋಪ್’ ಎಂದು ಶುರುವಾಗಿ ‘ದಟ್’ ಅಥವಾ ‘ಆಫ್’ ಬಂದರೆ ಆಸೆ. ಈ ಆಸೆಯಲ್ಲೂ ಮನುಷ್ಯ ಏನೋ ಮಾಡುತ್ತಲೇ ಇರುತ್ತಾನೆ: ಬಾಗಿಲು ತಟ್ಟುತ್ತಾನೆ, ಅರ್ಜಿ ಬರೆಯುತ್ತಾನೆ. ‘ಹೋಪ್‌ಲೆಸ್’ ಎಂದರೆ ಕೈಚೆಲ್ಲಿದ ಸ್ಥಿತಿ. ‘ಹೋಪಿಂಗ್ ಅಗೇನ್ಸ್ಟ್ ಹೋಪ್’ (ಕಾರಣವಿಲ್ಲದಿದ್ದರೂ ಆಸೆ ಬಿಡದಿರುವುದು) ಎಂದು ಆಸೆಪಡುವವನೇ ತನ್ನ ಬಗ್ಗೆ ಹೇಳಿಕೊಳ್ಳಬಹುದು. ‘ಫಾರ್ಲಾರ್ನ್’ ಹೆಚ್ಚಾಗಿ ಹೊರಗೆ ನಿಂತು ನೋಡುವವರ ತೀರ್ಪು. ‘ಲಾಸ್ಟ್ ಕಾಸ್’ ಎಂದಾಗ ಆಸೆಯ ಮಾತೇ ಇಲ್ಲ, ಕೆಲಸವೇ ಕೆಟ್ಟಿದೆ ಎಂದರ್ಥ.

ನಮ್ಮ ಗೈಡುಗಳು ಈ ನಾಲ್ಕಕ್ಕೂ ‘ನಿರಾಶೆ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಒಂದು ವಾಕ್ಯವಿಲ್ಲ, ಕಾಲದ ಸುಳಿವಿಲ್ಲ. ಮಕ್ಕಳು ಅದನ್ನೇ ಉರುಹೊಡೆದು ಅಂಕ ಪಡೆಯುತ್ತಾರೆ. ಅವರಲ್ಲೇ ಕೆಲವರು ಮುಂದೆ ಇತಿಹಾಸವನ್ನು ಕನ್ನಡಕ್ಕೆ ತರುತ್ತಾರೆ. ಸಿಟ್ಟಿನಿಂದಾದರೂ ಕಾಗದ ಬರೆಯುವ ಶ್ರದ್ಧೆ ನಿಮಗಿದೆ. ಮುಂದಿನ ಕಾಗದವನ್ನು ಆ ಗೈಡು ಅಚ್ಚುಹಾಕುವವರಿಗೆ ಬರೆಯಿರಿ, ಪ್ರತಿ ನುಡಿಗಟ್ಟಿಗೂ ಎರಡೆರಡು ವಾಕ್ಯ ಕೇಳಿ.

— ಸಂ.